ಅಜ್ಜಿಯ ಚಟ್ಟಿ ಪತ್ತಿರಿ ಮತ್ತು ಮೂವರು ಗೆಳತಿಯರು



ದ್ವಿತೀಯ ಪಿಯುಸಿಯ ಹುಡುಗಿಯೊಬ್ಬಳು ಲ್ಯಾಬ್ ಮುಗಿದ ಮೇಲೆ ನನ್ನ ಮೇಜಿನ ಬಳಿ ಬಂದು ನಿಂತಳು. "ಮೇಡಂ, ರಜೆಯಲ್ಲಿ ಮೂವರು ಗೆಳತಿಯರನ್ನು ಮನೆಗೆ ಊಟಕ್ಕೆ ಕರೆದಿದ್ದೇನೆ. ನಮ್ಮ ಅಜ್ಜಿ ಮಾಡುವ ತಿಂಡಿಯನ್ನೇ ಮಾಡಬೇಕೆಂದು ಆಸೆ. ಆದರೆ ಒಬ್ಬಳಿಗೆ ಖಾರ ಆಗುವುದಿಲ್ಲ, ಒಬ್ಬಳು ಕೊತ್ತಂಬರಿ ಸೊಪ್ಪು ಕಂಡರೆ ತಟ್ಟೆ ಸರಿಸುತ್ತಾಳೆ, ಇನ್ನೊಬ್ಬಳು ಮೊಟ್ಟೆ ಮುಟ್ಟುವುದಿಲ್ಲ. ಏನು ಮಾಡಲಿ?" ಎಂದು ಕೇಳಿದಳು. ಪಕ್ಕದಲ್ಲಿದ್ದವಳು, "ಹೋಟೆಲಿನಿಂದ ತರಿಸಿಬಿಡು, ತಲೆನೋವೇ ಇಲ್ಲ" ಎಂದಳು. ಎಲ್ಲರೂ ನಕ್ಕೆವು.

ನಕ್ಕರೂ ಪ್ರಶ್ನೆ ನನ್ನ ಜೊತೆ ಮನೆಗೆ ಬಂತು. ಏಕೆಂದರೆ ಅವಳಿಗಿಂತ ಸ್ವಲ್ಪ ದೊಡ್ಡವಳಿದ್ದಾಗ ಇದೇ ಪರೀಕ್ಷೆಯನ್ನು ನಾನೂ ಬರೆದಿದ್ದೆ, ಫೇಲಾಗಿದ್ದೆ. ಆ ಉತ್ತರವನ್ನು ತಿದ್ದಿ ಬರೆಯಲು ಈ ಪಾಠ. ಇದರಲ್ಲಿ ಸ್ವಲ್ಪ ರಸಾಯನಶಾಸ್ತ್ರವಿದೆ, ಸ್ವಲ್ಪ ಜೀವಶಾಸ್ತ್ರವಿದೆ, ಅಡುಗೆಯೂ ಇದೆ.

ಕ್ಯಾಸರೋಲ್ ಎಂದರೆ ಡಬ್ಬಿಯೋ, ತಿಂಡಿಯೋ?

ನಮ್ಮ ಮನೆಗಳಲ್ಲಿ ಕ್ಯಾಸರೋಲ್ ಎಂದರೆ ಚಪಾತಿ ಬಿಸಿಯಾಗಿಡುವ ಡಬ್ಬಿ. ಮೂಲದಲ್ಲಿ ಇದು ಫ್ರೆಂಚ್ ಪದ. ಫ್ರೆಂಚರಿಗೆ ಅದು ಹಿಡಿಕೆ ಇರುವ ಪಾತ್ರೆ. ಅಮೆರಿಕದವರಿಗೆ ಅದು ಪಾತ್ರೆಯೂ ಹೌದು, ಅದರಲ್ಲಿ ಬೇಯುವ ತಿಂಡಿಯೂ ಹೌದು: ತರಕಾರಿ ಅಥವಾ ಮಾಂಸ, ಜೊತೆಗೆ ಹಿಟ್ಟಿನ ಪದಾರ್ಥ, ಎಲ್ಲವನ್ನೂ ಹಿಡಿದಿಡುವ ಒಂದು ದ್ರವ, ಮೇಲೆ ಗರಿಗರಿಯಾದ ಪದರ. ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಜೋಡಿಸಿ ಓವನ್‌ಗೆ ಇಟ್ಟರೆ ಮುಗಿಯಿತು. ಅದೇ ಪಾತ್ರೆ ಮೇಜಿಗೂ ಬರುತ್ತದೆ. 1915ರಲ್ಲಿ ಪೈರೆಕ್ಸ್ ಎಂಬ ಶಾಖ ತಡೆಯುವ ಗಾಜಿನ ಪಾತ್ರೆಗಳು ಮಾರುಕಟ್ಟೆಗೆ ಬಂದ ಮೇಲೆ ಈ ಪದ್ಧತಿಗೆ ಅನುಕೂಲವಾಯಿತು. 1955ರಲ್ಲಿ ಕ್ಯಾಂಪ್‌ಬೆಲ್ ಸೂಪ್ ಕಂಪನಿಯ ಅಡುಗೆಮನೆಯಲ್ಲಿ ಡಾರ್ಕಸ್ ರೈಲಿ ಎಂಬ ಮಹಿಳೆ ತಮ್ಮ ತಂಡದೊಂದಿಗೆ ಹುರುಳಿಕಾಯಿ, ಅಣಬೆ ಸೂಪ್, ಹುರಿದ ಈರುಳ್ಳಿ ಸೇರಿಸಿ ರೂಪಿಸಿದ ಕ್ಯಾಸರೋಲ್ ಇಂದಿಗೂ ಅಲ್ಲಿನ ಹಬ್ಬದ ಊಟದಲ್ಲಿ ಇರುತ್ತದೆ. ಅಲ್ಲಿ ಹಲವರಿಗೆ ಅದು ಬಾಲ್ಯದ ರುಚಿ.

ನಮ್ಮ ಕರಾವಳಿಗೆ ಓವನ್ ಬರುವ ಮುಂಚೆಯೇ ಈ ಉಪಾಯ ಗೊತ್ತಿತ್ತು. ತಲಶ್ಶೇರಿ, ಕಣ್ಣೂರು, ಕೋಯಿಕ್ಕೋಡ್ ಕಡೆಯ ಮಾಪ್ಪಿಳ ಮುಸ್ಲಿಮರ ಮನೆಗಳಲ್ಲಿ ಮಾಡುವ ಚಟ್ಟಿ ಪತ್ತಿರಿ ಇಂಥದೇ ತಿಂಡಿ. ಚಟ್ಟಿ ಎಂದರೆ ಪಾತ್ರೆ, ನಮ್ಮ ಮಣ್ಣಿನ ಚಟ್ಟಿಯೇ. ಪತ್ತಿರಿ ಎಂದರೆ ರೊಟ್ಟಿ. ತೆಳುವಾದ ಮೈದಾ ದೋಸೆಗಳನ್ನು ಮೊಟ್ಟೆ–ಹಾಲಿನಲ್ಲಿ ಅದ್ದಿ, ನಡುನಡುವೆ ಮಸಾಲೆ ಮಾಂಸ ಹರಡಿ, ಪದರ ಪದರವಾಗಿ ಜೋಡಿಸಿ, ಕೆಳಗೂ ಮುಚ್ಚಳದ ಮೇಲೂ ಕೆಂಡ ಇಟ್ಟು ಬೇಯಿಸುತ್ತಿದ್ದರು. ಸಕ್ಕರೆ, ಏಲಕ್ಕಿ, ಗೋಡಂಬಿ ಹಾಕಿದ ಸಿಹಿ ಬಗೆಯೂ ಇದೆ. ರಂಝಾನಿನ ಇಫ್ತಾರಿಗೆ ಹೆಚ್ಚಾಗಿ ಮಾಡುತ್ತಾರೆ. ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ಆ ಕಡೆಯ ಹೆಣ್ಣುಮಕ್ಕಳು ಈ ಕಡೆಗೆ ಸೊಸೆಯರಾಗಿ ಬಂದಾಗ ಚಟ್ಟಿ ಪತ್ತಿರಿಯೂ ಜೊತೆಗೆ ಬಂತು. ನನ್ನ ಅಜ್ಜಿ ಹಾಗೆ ಬಂದವರು.

ನಾನು ಮಾಡಿದ ತಪ್ಪು

ಡಿಗ್ರಿ ಓದುವಾಗ ನಾನು ಹಾಸ್ಟೆಲಿನಲ್ಲಿದ್ದೆ. ಒಂದು ಈದ್ ರಜೆ ಮುಗಿಸಿ ಹೊರಟಾಗ ಅಜ್ಜಿ ಸಿಹಿ ಚಟ್ಟಿ ಪತ್ತಿರಿ ಮಾಡಿ, ತುಂಡು ಮಾಡಿ, ಸ್ಟೀಲ್ ಡಬ್ಬಿಗೆ ತುಂಬಿ ಕೊಟ್ಟರು. ರೂಮಿನಲ್ಲಿ ಡಬ್ಬಿ ತೆರೆದಾಗ ತುಪ್ಪ, ಏಲಕ್ಕಿಯ ವಾಸನೆಗೆ ಎಲ್ಲರೂ ಬಂದು ಸೇರಿದರು. ನನ್ನ ಪಕ್ಕದ ಮಂಚದ ಗೆಳತಿ ಸಸ್ಯಾಹಾರಿ. ಅವಳು ತುಂಡು ಎತ್ತಿಕೊಳ್ಳುವ ಮೊದಲು, "ಇದು ವೆಜ್ ತಾನೇ?" ಎಂದು ಕೇಳಿದಳು. ನಾನು, "ಹೌದೇ, ಸಿಹಿ ಇದು" ಎಂದೆ. ನಮ್ಮ ಮನೆಯಲ್ಲಿ ಮೀನು, ಮಾಂಸ ಇಲ್ಲದ್ದೆಲ್ಲ ವೆಜ್ಜೇ. ಅವಳು ಎರಡು ತುಂಡು ತಿಂದಳು, ಚೆನ್ನಾಗಿದೆ ಎಂದಳು.

ರಾತ್ರಿ ಇನ್ನೊಬ್ಬಳು ಮಾಡುವ ವಿಧಾನ ಕೇಳಿದಳು. ನಾನು ಉತ್ಸಾಹದಿಂದ, "ಮೊದಲು ಆರು ಮೊಟ್ಟೆ ಒಡೆದು..." ಎಂದು ಶುರು ಮಾಡಿದೆ. ಪಕ್ಕದ ಮಂಚದಲ್ಲಿ ಓದುತ್ತಿದ್ದವಳು ತಲೆ ಎತ್ತಿ ನೋಡಿದಳು. ಏನೂ ಹೇಳಲಿಲ್ಲ. ಎದ್ದು ಹೊರಗೆ ಹೋಗಿ ಬಾಯಿ ತೊಳೆದು ಬಂದು ದೀಪ ಆರಿಸಿ ಮಲಗಿದಳು. ನಾನು ಬೆಳಿಗ್ಗೆ ಕ್ಷಮೆ ಕೇಳಿದೆ. "ಪರವಾಗಿಲ್ಲ ಬಿಡು" ಎಂದಳು. ಆದರೆ ಆ ಸೆಮಿಸ್ಟರ್ ಮುಗಿಯುವವರೆಗೆ ನಾನು ಕೊಟ್ಟ ಬಿಸ್ಕತ್ತನ್ನೂ ಅವಳು ತೆಗೆದುಕೊಳ್ಳಲಿಲ್ಲ. ಪ್ರತಿ ಸಲವೂ ನಗುತ್ತಲೇ, "ಈಗ ಹಸಿವಿಲ್ಲ" ಎನ್ನುತ್ತಿದ್ದಳು.

ನನಗೆ ಮೊದಲು ಬೇಸರವಾಯಿತು, ಆಮೇಲೆ ಸಿಟ್ಟು ಬಂತು. ಗೊತ್ತಿಲ್ಲದೆ ಆದ ತಪ್ಪಿಗೆ ಇಷ್ಟೊಂದೇ ಎಂದುಕೊಂಡೆ. ಮುಂದಿನ ರಜೆಯಲ್ಲಿ ಅಜ್ಜಿಗೆ ಹೇಳಿದೆ. ಅವರು ನನ್ನ ಪರವಾಗಿ ಮಾತಾಡುತ್ತಾರೆ ಎಂದುಕೊಂಡಿದ್ದೆ. "ಅವಳು ಬಾಯಿಬಿಟ್ಟು ಕೇಳಿದ ಮೇಲೂ ನೀನು ಪೂರ್ತಿ ಹೇಳಲಿಲ್ಲವಲ್ಲ ಮಗಳೇ" ಎಂದರು, ಅಷ್ಟೇ.

ಸ್ವಲ್ಪ ದಿನಗಳ ನಂತರ ಒಂದು ಅಂಗಡಿಯಲ್ಲಿ ಜೆಲ್ಲಿ ಮಿಠಾಯಿ ನೋಡಿ, ಇದರಲ್ಲಿ ಯಾವ ಜಿಲೆಟಿನ್ ಇದೆ ಎಂದು ಕೇಳಿದೆ. ಜಿಲೆಟಿನ್ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆಯುವ ಪ್ರೋಟೀನ್. ಯಾವ ಪ್ರಾಣಿಯದ್ದು ಎಂಬುದು ನಮಗೆ ಮುಖ್ಯ. ಅಂಗಡಿಯವರು, "ಎಲ್ಲರೂ ತಿನ್ನುತ್ತಾರಮ್ಮ, ನಿಮಗೇನು?" ಎಂದರು. ನಾನು ಕೊಳ್ಳದೆ ಹೊರಗೆ ಬಂದೆ. ಬಸ್ಸಿನಲ್ಲಿ ಕೂತಾಗ ಹೊಳೆಯಿತು: ನನ್ನ ಗೆಳತಿಗೆ ನಾನು ಕೊಟ್ಟಿದ್ದೂ ಇದೇ ಉತ್ತರ.

ರುಚಿಯ ಹಿಂದಿನ ಜೀವಶಾಸ್ತ್ರ

"ಅವಳಿಗೆ ಬರೀ ನಖರಾ" ಎಂದು ಹೇಳುವ ಮೊದಲು ನಾವು ಕೆಲವು ವಿಷಯ ತಿಳಿಯಬೇಕು. ಒಂದೇ ತುತ್ತು ಇಬ್ಬರ ಬಾಯಲ್ಲಿ ಒಂದೇ ರುಚಿ ಕೊಡುವುದಿಲ್ಲ.

1. ಕಹಿ. 1931ರಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನ ವಿಜ್ಞಾನಿ ಡ್ಯೂಪಾಂಟ್ ಪ್ರಯೋಗಾಲಯದಲ್ಲಿ ಪಿಟಿಸಿ ಎಂಬ ಪುಡಿಯನ್ನು ಸುರಿಯುವಾಗ ಅದು ಗಾಳಿಗೆ ಹಾರಿತು. ಜೊತೆಗಿದ್ದವರು ಕಹಿ ಎಂದು ದೂರಿದರು. ಫಾಕ್ಸ್‌ಗೆ ಏನೂ ಅನಿಸಲಿಲ್ಲ. ಈ ವ್ಯತ್ಯಾಸ ಆನುವಂಶಿಕ ಎಂದು ಮುಂದೆ ತಿಳಿಯಿತು. 2003ರಲ್ಲಿ ಅದಕ್ಕೆ ಸಂಬಂಧಿಸಿದ ಟಿಎಎಸ್2ಆರ್38 ಎಂಬ ಜೀನನ್ನು ಗುರುತಿಸಿದರು. ಎಲೆಕೋಸಿನಂಥ ತರಕಾರಿಗಳು ಕೆಲವರಿಗೆ ಹೆಚ್ಚು ಕಹಿಯಾಗಲು ಇದೂ ಒಂದು ಕಾರಣ.

2. ಕೊತ್ತಂಬರಿ. ಇದರ ಸೊಪ್ಪಿನ ವಾಸನೆಗೆ ಕಾರಣ ಆಲ್ಡಿಹೈಡ್‌ಗಳು. ಅಂಥವೇ ಆಲ್ಡಿಹೈಡ್‌ಗಳು ಸೋಪಿನ ವಾಸನೆಯಲ್ಲೂ ಇವೆ. ವಾಸನೆ ಗ್ರಹಿಸುವ ಒಂದು ಜೀನಿನ ವ್ಯತ್ಯಾಸದಿಂದ ಕೆಲವರಿಗೆ ಕೊತ್ತಂಬರಿ ಸೋಪು ತಿಂದಂತೆಯೇ ಅನಿಸುತ್ತದೆ. ತಟ್ಟೆ ಸರಿಸುವ ಆ ಹುಡುಗಿ ನಾಟಕ ಮಾಡುತ್ತಿರಲಿಕ್ಕಿಲ್ಲ.

3. ಖಾರ. ಖಾರ ರುಚಿಯೇ ಅಲ್ಲ; ಅದು ಉರಿ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಹೋಗಿ ಕೂರುವುದು ಟಿಆರ್‌ಪಿವಿ1 ಎಂಬ ಗ್ರಾಹಕದ ಮೇಲೆ. ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖವನ್ನು ಗುರುತಿಸುವುದೂ ಇದೇ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್ ಪ್ರಶಸ್ತಿ ಹಂಚಿಕೆಯಾಗಿ ದೊರೆಯಿತು. ದಿನವೂ ಖಾರ ತಿನ್ನುವವರಿಗೆ ಉರಿ ಅಭ್ಯಾಸವಾಗಿರುತ್ತದೆ. ತಿನ್ನದವರಿಗೆ ನಿಜವಾಗಿಯೂ ಸುಡುತ್ತದೆ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುತ್ತದೆ. ಆದ್ದರಿಂದ ಉರಿಗೆ ನೀರಿಗಿಂತ ಹಾಲು, ಮೊಸರು ಒಳ್ಳೆಯದು.

4. ಪರಿಚಯ. ಹೊಸ ತಿಂಡಿಗೆ ಹಿಂಜರಿಯುವುದು ಮನುಷ್ಯನ ಸ್ವಭಾವ. ಚಿಕ್ಕ ಮಕ್ಕಳಿಗೆ ಹೊಸ ತರಕಾರಿ ಹಿಡಿಸಬೇಕಾದರೆ ಅನೇಕ ಸಲ ರುಚಿ ತೋರಿಸಬೇಕಾಗುತ್ತದೆ. ನಮಗೆ ಅಜ್ಜಿಯ ತಿಂಡಿ ಅಮೃತ ಎನಿಸುವುದಕ್ಕೂ ಇದೇ ಕಾರಣ. ವಾಸನೆಯ ಸಂದೇಶ ಮೆದುಳಿನಲ್ಲಿ ಭಾವನೆ ಮತ್ತು ನೆನಪಿನ ಭಾಗಗಳಾದ ಅಮಿಗ್ಡಾಲ, ಹಿಪ್ಪೊಕ್ಯಾಂಪಸ್‌ಗಳಿಗೆ ಬಹಳ ಹತ್ತಿರದ ದಾರಿಯಲ್ಲಿ ತಲುಪುತ್ತದೆ. ತುಪ್ಪದ ವಾಸನೆಗೆ ನನಗೆ ಅಜ್ಜಿಯ ಅಡುಗೆಮನೆ ಕಾಣುತ್ತದೆ. ನನ್ನ ಗೆಳತಿಗೆ ಆ ನೆನಪು ಇಲ್ಲ. ಅವಳಿಗೆ ಕಾಣುವುದು ಕೇವಲ ಒಂದು ತಿಂಡಿ. ಅವಳು ಇಷ್ಟಪಡದಿದ್ದರೆ ನನ್ನ ಅಜ್ಜಿಯನ್ನು ತಿರಸ್ಕರಿಸಿದಂತೆ ಅಲ್ಲ.

ಮೂರು ಬಗೆಯ "ಬೇಡ"

ಗೆಳೆಯರು "ಬೇಡ" ಎಂದಾಗ ಅದು ಯಾವ ಬೇಡ ಎಂದು ತಿಳಿದುಕೊಳ್ಳಿ.

ಇಷ್ಟವಿಲ್ಲದ ಬೇಡ: ಕೊತ್ತಂಬರಿ, ಬದನೆಕಾಯಿ, ಒಣದ್ರಾಕ್ಷಿ. ಇದಕ್ಕೆ ಪಕ್ಕಕ್ಕಿಟ್ಟು ಬಡಿಸಿದರೆ ಸಾಕು.

ದೇಹಕ್ಕೆ ಆಗದ ಬೇಡ: ಮೊಟ್ಟೆ, ಹಾಲು, ಗೋಡಂಬಿ, ಕಡಲೆಕಾಯಿ, ಗೋಧಿ ಇವುಗಳ ಅಲರ್ಜಿ. ಅಲರ್ಜಿ ಇರುವವರಿಗೆ ಚೂರು ತಗಲಿದರೂ ಮೈ ದದ್ದು ಏಳಬಹುದು, ಉಸಿರು ಕಟ್ಟಬಹುದು. ಇಲ್ಲಿ "ಸ್ವಲ್ಪ ತಿಂದರೆ ಏನೂ ಆಗಲ್ಲ" ಎಂಬ ಮಾತು ಅಪಾಯ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದಿರುವುದು ಬೇರೆ. ಅದರಿಂದ ಹೊಟ್ಟೆ ಉಬ್ಬರ, ಭೇದಿ ಆಗುತ್ತದೆ.

ಮನಸ್ಸಾಕ್ಷಿಯ ಬೇಡ: ಹಲಾಲ್ ಅಲ್ಲದ ಮಾಂಸ ನಮಗೆ ಹೇಗೋ, ಸಸ್ಯಾಹಾರಿಗೆ ಮೊಟ್ಟೆ, ಜೈನ ಗೆಳೆಯರಿಗೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಹಾಗೆ. ತೆಗೆದು ಪಕ್ಕಕ್ಕಿಟ್ಟರೆ ಸಾಲದು. ಅದು ಪಾತ್ರೆಗೇ ಬಿದ್ದಿರಬಾರದು. ಸೌಟು, ಎಣ್ಣೆ, ತವೆ ಬೇರೆಯಾಗಿರಬೇಕು.

ಮೊದಲನೆಯದರಲ್ಲಿ ಚೌಕಾಸಿ ನಡೆಯುತ್ತದೆ, ನಗು ನಡೆಯುತ್ತದೆ. ಉಳಿದ ಎರಡರಲ್ಲಿ ನಡೆಯುವುದಿಲ್ಲ.

ಮಾಡುವ ವಿಧಾನ: ಅಜ್ಜಿಯ ಬಗೆ

ಅಜ್ಜಿಯ ಅಳತೆ ಎಲ್ಲ ಕಣ್ಣಳತೆ. "ಎಷ್ಟು ಹಾಲು?" ಎಂದರೆ "ಸಾಕಾಗುವಷ್ಟು" ಎನ್ನುತ್ತಿದ್ದರು. ಅವರು ಹಾಕುವ ಮೊದಲು ನಾನು ಕಪ್ಪಿನಲ್ಲಿ ಅಳೆದು ಬರೆದುಕೊಂಡ ಲೆಕ್ಕ ಇದು. ಎಂಟು ಇಂಚಿನ ಪಾತ್ರೆಗೆ, ಆರೇಳು ಜನರಿಗೆ ಸಾಕು.

ದೋಸೆಗೆ: ಮೈದಾ 2 ಕಪ್, ಮೊಟ್ಟೆ 1, ಉಪ್ಪು, ನೀರು ಸುಮಾರು ಎರಡೂವರೆ ಕಪ್. ನೀರ್ ದೋಸೆಯಂತೆ ತೆಳುವಾಗಿ 8ರಿಂದ 10 ದೋಸೆ, ಒಂದೇ ಬದಿ ಬೇಯಿಸಿ.

ಹೂರಣಕ್ಕೆ: ಮೂಳೆ ಇಲ್ಲದ ಕೋಳಿ 400 ಗ್ರಾಂ. ಅರಿಶಿನ, ಕಾಳುಮೆಣಸು, ಉಪ್ಪು ಹಾಕಿ ಪೂರ್ತಿ ಬೇಯಿಸಿ ಎಳೆ ಎಳೆಯಾಗಿ ಬಿಡಿಸಿ. ಈರುಳ್ಳಿ 4, ಶುಂಠಿ–ಬೆಳ್ಳುಳ್ಳಿ, ಹಸಿಮೆಣಸು 3, ಕರಿಬೇವು ಹುರಿದು, ಗರಂ ಮಸಾಲೆ ಅರ್ಧ ಚಮಚ ಸೇರಿಸಿ ಕೋಳಿಯೊಂದಿಗೆ ಬಾಡಿಸಿ. ನೀರಿನಂಶ ಉಳಿಯಬಾರದು.

ಅದ್ದಲು: ಮೊಟ್ಟೆ 4, ಹಾಲು 1 ಕಪ್, ಚಿಟಿಕೆ ಉಪ್ಪು, ಕಾಳುಮೆಣಸಿನ ಪುಡಿ.

ಮೇಲಕ್ಕೆ: ತುಪ್ಪ 2 ಚಮಚ, ಗೋಡಂಬಿ, ಒಣದ್ರಾಕ್ಷಿ, ಗಸಗಸೆ.

ದಪ್ಪ ತಳದ ಪಾತ್ರೆಗೆ ತುಪ್ಪ ಸವರಿ. ಒಂದೊಂದೇ ದೋಸೆಯನ್ನು ಮೊಟ್ಟೆ–ಹಾಲಿನಲ್ಲಿ ಅದ್ದಿ ಹಾಸಿ, ಮೇಲೆ ತೆಳುವಾಗಿ ಹೂರಣ ಹರಡಿ. ಹೀಗೆ ಪದರ ಏರಿಸಿ, ಕೊನೆಗೆ ದೋಸೆ ಬರಲಿ. ಉಳಿದ ಮೊಟ್ಟೆ–ಹಾಲನ್ನು ಮೇಲೆ ಸುರಿದು ಗೋಡಂಬಿ, ಗಸಗಸೆ ಉದುರಿಸಿ. ಹಳೆಯ ತವೆಯನ್ನು ಸಣ್ಣ ಉರಿಯಲ್ಲಿಟ್ಟು, ಅದರ ಮೇಲೆ ಪಾತ್ರೆ ಮುಚ್ಚಿ 20–25 ನಿಮಿಷ ಬೇಯಿಸಿ. ನಡುವೆ ಚಾಕು ಚುಚ್ಚಿದರೆ ಹಸಿ ಮೊಟ್ಟೆ ಅಂಟಬಾರದು. ಆಮೇಲೆ ತಟ್ಟೆಗೆ ಮಗುಚಿ, ಮತ್ತೆ ಜಾರಿಸಿ ಇನ್ನೊಂದು ಬದಿ ಐದು ನಿಮಿಷ. ಮುಚ್ಚಳದ ಮೇಲೆ ಕೆಂಡ ಇಡುತ್ತಿದ್ದ ಕಾಲದಲ್ಲಿ ಮಗುಚುವ ಕೆಲಸ ಇರಲಿಲ್ಲ. ಓವನ್ ಇದ್ದರೆ 180 ಡಿಗ್ರಿಯಲ್ಲಿ ಸುಮಾರು 25 ನಿಮಿಷ.

ಸಣ್ಣ ಉರಿ ಏಕೆ? ಹಾಲು ಬೆರೆತ ಮೊಟ್ಟೆಯ ಪ್ರೋಟೀನ್‌ಗಳು ಸುಮಾರು 80 ಡಿಗ್ರಿಯಲ್ಲಿ ಬಲೆಯಂತೆ ಹೆಣೆದುಕೊಂಡು ಗಟ್ಟಿಯಾಗುತ್ತವೆ. ಶಾಖ ಇನ್ನೂ ಹೆಚ್ಚಾದರೆ ಬಲೆ ಬಿಗಿದು ನೀರು ಹಿಂಡಿ ಹೊರಬರುತ್ತದೆ; ತಿಂಡಿ ಒಡೆದ ಹಾಲಿನಂತಾಗುತ್ತದೆ. ತಳದಲ್ಲಿ ಬರುವ ಕಂದು ಬಣ್ಣ, ಹುರಿದ ಪರಿಮಳಕ್ಕೆ ಕಾರಣ ಮೈಲಾರ್ಡ್ ಕ್ರಿಯೆ. 1912ರಲ್ಲಿ ಫ್ರೆಂಚ್ ವಿಜ್ಞಾನಿ ಲೂಯಿ ಕಮಿಲ್ ಮೈಲಾರ್ಡ್ ವಿವರಿಸಿದ ಈ ಕ್ರಿಯೆಯಲ್ಲಿ ಅಮೈನೊ ಆಮ್ಲ ಮತ್ತು ಸಕ್ಕರೆ ಸೇರಿ ನೂರಾರು ಹೊಸ ಸಂಯುಕ್ತಗಳಾಗುತ್ತವೆ. ಇದು ಚುರುಕಾಗುವುದು ಸುಮಾರು 140 ಡಿಗ್ರಿಯ ಮೇಲೆ. ಹೀಗಾಗಿ ಒಳಗೆ 80, ಹೊರಗೆ 140. ಈ ಎರಡನ್ನೂ ಒಂದೇ ಪಾತ್ರೆಯಲ್ಲಿ ಸಾಧಿಸುವುದೇ ಅಡುಗೆಯವರ ಜಾಣ್ಮೆ.

ಗೆಳೆಯರಿಗಾಗಿ ಬದಲಿಸುವಾಗ

ಲ್ಯಾಬಿನಲ್ಲಿ ಒಂದು ಸಲಕ್ಕೆ ಒಂದೇ ಅಂಶ ಬದಲಿಸಿ ಫಲಿತಾಂಶ ನೋಡುತ್ತೇವಲ್ಲ, ಇಲ್ಲಿಯೂ ಹಾಗೆಯೇ. ಮೊದಲು ಈ ತಿಂಡಿಯ ಜೀವ ಯಾವುದು ಎಂದು ಕೇಳಿಕೊಳ್ಳಿ. ಚಟ್ಟಿ ಪತ್ತಿರಿಗೆ ಅದು ಪದರ, ತುಪ್ಪದ ಪರಿಮಳ, ನಿಧಾನದ ಉರಿ. ಉಳಿದದ್ದನ್ನು ಬದಲಿಸಬಹುದು.

ಖಾರ ಆಗದವಳಿಗೆ: ಹಸಿಮೆಣಸಿನ ಒಳಗಿನ ಬಿಳಿ ಭಾಗ ತೆಗೆದುಬಿಡಿ. ಕ್ಯಾಪ್ಸೈಸಿನ್ ಹೆಚ್ಚಾಗಿ ಇರುವುದು ಬೀಜದಲ್ಲಲ್ಲ, ಆ ಬಿಳಿ ತಿರುಳಿನಲ್ಲಿ. ಖಾರ ಬೇಕಾದವರಿಗೆ ಚಟ್ನಿ ಬೇರೆ ಇಡಿ.

ಕೊತ್ತಂಬರಿ ಬೇಡದವಳಿಗೆ: ಹೂರಣಕ್ಕೆ ಹಾಕಲೇಬೇಡಿ, ಬಟ್ಟಲಲ್ಲಿಟ್ಟು ಬಡಿಸಿ.

ಮೊಟ್ಟೆ ತಿನ್ನದವಳಿಗೆ: ಬೇರೆ ತವೆ, ಬೇರೆ ಪಾತ್ರೆ. ಮೊಟ್ಟೆ ಇಲ್ಲದೆಯೇ ದೋಸೆ ಮಾಡಿ. ಹೂರಣಕ್ಕೆ ಆಲೂಗಡ್ಡೆ, ಬಟಾಣಿ, ಕ್ಯಾರೆಟ್, ಪನೀರ್. ಅದ್ದಲು ಗಟ್ಟಿ ತೆಂಗಿನಹಾಲು ಒಂದೂವರೆ ಕಪ್, ಕಾರ್ನ್‌ಫ್ಲೋರ್ 3 ಚಮಚ, ಉಪ್ಪು. ಇಲ್ಲಿ ಪ್ರೋಟೀನಿನ ಕೆಲಸವನ್ನು ಪಿಷ್ಟ ಮಾಡುತ್ತದೆ. ಪಿಷ್ಟ ತಣ್ಣನೆಯ ದ್ರವದಲ್ಲಿ ಕರಗದೆ ತಳಕ್ಕೆ ಕೂರುತ್ತದೆ; ಆದ್ದರಿಂದ ಪ್ರತಿ ದೋಸೆ ಅದ್ದುವ ಮೊದಲು ಕಲಕಿ. ಬಿಸಿಯಾದಾಗ ಕಣಗಳು ನೀರು ಹೀರಿ ಉಬ್ಬಿ ಮಂದವಾಗುತ್ತವೆ, ಆರಿದ ಮೇಲೆ ಗಟ್ಟಿಯಾಗುತ್ತವೆ. ಆದ್ದರಿಂದ ಮಗುಚಬೇಡಿ, ಬಿಸಿಯಲ್ಲಿ ಕತ್ತರಿಸಬೇಡಿ. 20 ನಿಮಿಷ ಆರಲು ಬಿಟ್ಟು, ತುಂಡು ಮಾಡಿ, ತುಪ್ಪ ಹಾಕಿದ ತವೆಯಲ್ಲಿ ಎರಡೂ ಬದಿ ಕೆಂಪಗೆ ಮಾಡಿ ಕೊಡಿ.

ನೆನಪಿಡಿ: ಮಾಡಿದ ತಿಂಡಿಯನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. 5ರಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ನಮ್ಮ ಚಪಾತಿ ಕ್ಯಾಸರೋಲಿನಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಮಾಂಸದ ತಿಂಡಿ ಇಟ್ಟರೆ ಅವುಗಳಿಗೆ ಮನೆ ಕಟ್ಟಿಕೊಟ್ಟಂತೆ. ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟು, ತಿನ್ನುವಾಗ ಹಬೆ ಬರುವವರೆಗೆ ಬಿಸಿ ಮಾಡಿ.

ಮತ್ತೆ ಒಮ್ಮೆ ಅದೇ ಗೆಳತಿ

ನನ್ನ ಮದುವೆಗೆ ಮೊದಲು ಆ ಗೆಳತಿಯನ್ನು ಮನೆಗೆ ಕರೆದೆ. ಬರುವಳೋ ಇಲ್ಲವೋ ಎಂಬ ಅಳುಕಿತ್ತು. ಬಂದಳು. ಮೊಟ್ಟೆಯಿಲ್ಲದ ಬಗೆಯನ್ನು ಹೊಸ ಪಾತ್ರೆಯಲ್ಲಿ ಮೂರು ಸಲ ಮಾಡಿ, ಎರಡು ಸಲ ಕೆಡಿಸಿ ಕಲಿತಿದ್ದೆ. ಬಡಿಸುವ ಮೊದಲು, ಅವಳು ಕೇಳುವ ಮುಂಚೆಯೇ ಒಂದೊಂದಾಗಿ ಹೇಳಿದೆ: ಮೈದಾ, ತೆಂಗಿನಹಾಲು, ಕಾರ್ನ್‌ಫ್ಲೋರ್, ಆಲೂಗಡ್ಡೆ, ಬಟಾಣಿ, ಕ್ಯಾರೆಟ್, ಪನೀರ್, ತುಪ್ಪ, ಪಾತ್ರೆ ಹೊಸದು, ತವೆ ಬೇರೆ. ಅವಳು ಪೂರ್ತಿ ಕೇಳಿಸಿಕೊಂಡು, "ಪರೀಕ್ಷೆಗೆ ಓದಿದ ಹಾಗೆ ಹೇಳ್ತಿದ್ದೀಯಲ್ಲೇ" ಎಂದು ನಕ್ಕು ತಟ್ಟೆ ಮುಂದೆ ಚಾಚಿದಳು.

ಅಜ್ಜಿ ಒಂದು ತುಂಡು ತಿಂದು, "ಇದು ಚಟ್ಟಿ ಪತ್ತಿರಿಯೇ ಅಲ್ಲ" ಎಂದರು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ತುಂಡು ಹಾಕಿಸಿಕೊಂಡರು.

ನಿಮಗೊಂದು ಚಟುವಟಿಕೆ

1. ನಿಮ್ಮ ಮನೆಯ ಹಿರಿಯರು ಕಣ್ಣಳತೆಯಲ್ಲಿ ಮಾಡುವ ಒಂದು ತಿಂಡಿ ಆರಿಸಿ. ಅವರು ಮಾಡುವಾಗ ಪಕ್ಕದಲ್ಲಿ ನಿಂತು, ಹಾಕುವ ಮುನ್ನ ಅಳೆದು ಬರೆದುಕೊಳ್ಳಿ. ಮುಂದಿನ ವರ್ಷಕ್ಕೆ ಮುಂದೂಡಬೇಡಿ.

2. ಆ ತಿಂಡಿಯಲ್ಲಿ ಬದಲಿಸಬಾರದ್ದು ಯಾವುದು, ಬದಲಿಸಬಹುದಾದದ್ದು ಯಾವುದು? ಎರಡು ಪಟ್ಟಿ ಮಾಡಿ.

3. ಮೊಟ್ಟೆಯ ಬದಲು ಪಿಷ್ಟ ಬಳಸಿದರೆ ತಿಂಡಿಯನ್ನು ಆರಿದ ಮೇಲೆಯೇ ಕತ್ತರಿಸಬೇಕು. ಕಾರಣ ಬರೆಯಿರಿ.

4. ನಿಮ್ಮ ಬೆಂಚಿನ ಗೆಳೆಯರು ಏನು ತಿನ್ನುವುದಿಲ್ಲ ಎಂದು ನಿಮಗೆ ಗೊತ್ತೇ? ಗೊತ್ತಿಲ್ಲದಿದ್ದರೆ ನಾಳೆ ಡಬ್ಬಿ ತೆರೆಯುವ ಮುಂಚೆ ಕೇಳಿ. ಅವರು ನಿಮ್ಮನ್ನು ಕೇಳಿದರೆ ಪೂರ್ತಿ ಹೇಳಿ.